ಮನೆಸಂತನ ಗುರುತು

ಮೂರನೇ ಮಹಡಿಯಲ್ಲಿ ಲಿಫ್ಟಿನ ಕಬ್ಬಿಣದ ಬಾಗಿಲು ದಡಾರೆಂದು ಬಡಿದುಕೊಳ್ಳುತ್ತದೆ. ಒಂದೇ ಬಡಿತವಾದರೆ ಎದುರುಮನೆಯ ದಂತವೈದ್ಯ. ಬಡಿದು ಮತ್ತೆ ಕಿರುಗುಟ್ಟಿದರೆ ಕೈತುಂಬ ಚೀಲ ಹಿಡಿದ ಯಾರೋ. ಸದ್ದೇ ಆಗದಂತೆ ಯಾರಾದರೂ ಮುಚ್ಚಿದರೆ ಮಾತ್ರ ಡೊಬ್ರಿಲಾ ಅಡುಗೆಮನೆಯಿಂದ ಎದ್ದು ಬಂದು ಬಾಗಿಲ ಕಿಂಡಿಗೆ ಕಣ್ಣಿಡುತ್ತಾಳೆ. ಸದ್ದು ಮಾಡದೆ ಬರುವವರಿಗೆ ಏನೋ ಕಾರಣ ಇದ್ದೇ ಇರುತ್ತದೆ ಎಂಬುದು ಅವಳ ಮತ.

ಐವತ್ತಾರರ ಡೊಬ್ರಿಲಾ ನಮ್ಮೂರಿನ ವಿಶ್ವವಿದ್ಯಾಲಯದ ಮನಃಶಾಸ್ತ್ರ ವಿಭಾಗದಲ್ಲಿ ಬೆರಳಚ್ಚು ಮಾಡುತ್ತಾ ಹಳಬಳಾದವಳು. ಅಂಗಡಿಯಲ್ಲಿ ತೂಗಿಸಿದ ಮಾಂಸವನ್ನು ಮನೆಯಲ್ಲಿ ಮತ್ತೆ ತೂಗುತ್ತಾಳೆ. ಹವಾಮಾನ ವರದಿಯನ್ನು ಎರಡು ವಾಹಿನಿಗಳಲ್ಲಿ ನೋಡಿ, ಎರಡನ್ನೂ ನಂಬದೆ ಕೊಡೆ ಒಯ್ಯುತ್ತಾಳೆ. ಗಂಡ ತೀರಿಕೊಂಡು ಒಂಬತ್ತು ವರ್ಷ. ಮಗಳು ಇಸಿದೋರಾ ಅದೇ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದುತ್ತಿದ್ದಾಳೆ.

ಆ ಶರತ್ಕಾಲದಲ್ಲಿ, ರಾಜಧಾನಿಯಿಂದ ಬಂದ ಹೊಸ ಪ್ರಾಧ್ಯಾಪಕ ವುಕಾಶಿನ್ ವಿದ್ಯಾರ್ಥಿಗಳ ಇಂಟರ್ನೆಟ್ ಚಟವನ್ನು ಅಳೆಯಲು ಹೊರಟ. ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ಒಂದರಿಂದ ಐದು. ಒಂದೆಂದರೆ ಎಂದೂ ಇಲ್ಲ, ಐದೆಂದರೆ ಯಾವಾಗಲೂ. ಹೆಸರು ಬರೆಯುವಂತಿಲ್ಲ. ಬದಲಿಗೆ ತಾಯಿಯ ಹೆಸರಿನ ಮೊದಲಕ್ಷರ ಮತ್ತು ಅಪ್ಪನ ಕಡೆಯಿಂದ ಇಳಿದು ಬಂದ, ಮನೆಮಂದಿ ವರ್ಷಕ್ಕೊಮ್ಮೆ ಹಬ್ಬ ಮಾಡಿ ನೆನೆಯುವ ಮನೆಸಂತನ ಹೆಸರು. ಮೊತ್ತ ಎಂಬತ್ತು ದಾಟಿದವರ ಗುರುತುಗಳನ್ನು ಸೂಚನಾ ಫಲಕಕ್ಕೆ ಹಚ್ಚುವುದು, ಅವರಾಗಿಯೇ ಸಲಹೆಗೆ ಬರಲೆಂದು ಕಾಯುವುದು.

“ಡೊಬ್ರಿಲಾ ಅತ್ತೆ, ಹೇಗಿದೆ ಉಪಾಯ? ಮನೆಸಂತನ್ನ ಯಾರೂ ಮರೆಯಲ್ಲ, ಅಲ್ವಾ?”

“ಮರೆಯಲ್ಲಪ್ಪ. ಪಕ್ಕದ ಮನೆಯೋರೂ ಮರೆಯಲ್ಲ. ಹಬ್ಬಕ್ಕೆ ಬಂದು ಉಂಡು ಹೋಗ್ತಾರಲ್ಲ.”

ತಮಾಷೆಯೆಂದುಕೊಂಡು ಅವನು ನಕ್ಕ.

ಊರಿನ ಅರ್ಧ ಮನೆಗಳಿಗೆ ಸಂತ ನಿಕೋಲಾ. ಆದರೆ ಸಂತ ಮ್ರಾತಾನ ಹಬ್ಬ ಮಾಡುವ ಮನೆ ಊರಿಗೆಲ್ಲ ಒಂದೇ. ಅದು ಡೊಬ್ರಿಲಾಳ ಮನೆ.

ಹಾಳೆಗಳನ್ನು ಕಂಪ್ಯೂಟರಿಗೆ ತುಂಬುತ್ತಾ ಅವಳು ಗುರುವಾರ ಅದನ್ನು ಕಂಡಳು. ‘ಡೊ, ಸಂತ ಮ್ರಾತಾ.’ ಮೊತ್ತ ಎಂಬತ್ತಮೂರು. ಇಂಟರ್ನೆಟ್‌ನಲ್ಲಿ ಏನು ಮಾಡುತ್ತಿದ್ದೀರೆಂದು ಯಾರಾದರೂ ಕೇಳಿದರೆ ಮುಚ್ಚಿಡುತ್ತೀರಾ? ಐದು. ಶಾಲೆಯಲ್ಲಿ ಮಗಳು ಐದಕ್ಕೆ ಐದು ಅಂಕ ತಂದ ದಿನ ಮೆಟ್ಟಿಲಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಬರುತ್ತಿದ್ದವಳು ಈಗ ಆ ಐದುಗಳ ಮೇಲೆ ಅಂಗೈ ಇಟ್ಟಳು.

ಎರಡು ದಿನ ಅವಳು ಮಗಳ ಮೇಲೆ ಕಣ್ಣಿಟ್ಟಳು. ಫೋನು ಮೇಜಿನ ಮೇಲೆ ಬೋರಲಾಗಿಯೇ ಇರುತ್ತದೆ. ಬಚ್ಚಲಲ್ಲಿ ನೀರು ಬಿಟ್ಟರೂ ಸ್ನಾನದ ಸದ್ದಿಲ್ಲ. ಮದುವೆಯಾದ ಗಂಡಸೇ? ಜೂಜೇ? ಶನಿವಾರ ಮಧ್ಯಾಹ್ನ ಬೀನ್ಸ್ ಕಾಳಿನ ಸಾರು ಬಡಿಸಿ ಎದುರಿಗೆ ಕೂತಳು.

“ಯಾರವನು?”

“ಯಾರು ಯಾರವನು?”

“ಕೇಳಿದ್ರೆ ಯಾವಾಗಲೂ ಮುಚ್ಚಿಡ್ತೀನಿ ಅಂತ ಬರೆದಿದ್ದೀಯಲ್ಲ.”

ಚಮಚ ನಿಂತಿತು. “ನನ್ನ ಹಾಳೆ ಓದಿದ್ಯಾ?”

“ಓದಲಿಲ್ಲ. ಕಣ್ಣಿಗೆ ಬಿತ್ತು.”

“ನಿನ್ನ ಕಣ್ಣಿಗೆ ಬೀಳದ್ದು ಈ ಕಟ್ಟಡದಲ್ಲಿ ಏನಾದ್ರೂ ಇದ್ಯಾ ಅಮ್ಮಾ? ಬಾಗಿಲ ಹಿಂದೆ ನಿನ್ನ ಚಪ್ಪಲಿ ಸದ್ದು ನಿಂತ್ರೆ ಸಾಕು, ಬೆಕ್ಕಿನ ವಿಡಿಯೋ ನೋಡ್ತಿದ್ರೂ ಮುಚ್ಚಿಬಿಡ್ತೀನಿ. ಆ ಐದು ನಿಂದು.”

“ಉಳಿದ ಐದುಗಳು?”

ಇಸಿದೋರಾ ಬ್ರೆಡ್ಡಿನ ಅಂಚನ್ನು ಪುಡಿ ಮಾಡುತ್ತಾ ಕೂತಳು. “ಅವು ನಂದೇ. ಕೈಗೆ ತಗೊಂಡ್ರೆ ಬಿಡೋಕಾಗ್ತಿಲ್ಲ. ಎರಡು ಪರೀಕ್ಷೆ ಹೋಯ್ತು, ನಿಂಗೆ ಹೇಳಿಲ್ಲ. ಯಾರಿಗೂ ಗೊತ್ತಾಗಲ್ಲ ಅಂತ ನಂಬಿ ನಿಜ ಬರೆದೆ.”

ಇದೂ ಸುಳ್ಳಿರಬಹುದೇ ಎಂದು ಡೊಬ್ರಿಲಾ ಮಗಳ ಮುಖ ನೋಡಿದಳು. ಅವಳು ಕಣ್ಣು ತಪ್ಪಿಸಲಿಲ್ಲ.

“ಸೋಮವಾರ ಫಲಕಕ್ಕೆ ಹಚ್ತಾರೆ ಮಗಾ. ನಮ್ಮ ಸಂತ ಯಾರಂತ ಊರಿಗೆಲ್ಲ ಗೊತ್ತು. ನಾಲ್ಕು ಕಡೆ ಐದನ್ನ ಒಂದು ಮಾಡಿಬಿಡ್ಲಾ? ಬೆರಳಾಡಿಸಿದ್ರೆ ಮುಗೀತು.”

“ಬೇಡ. ಆಮೇಲೆ ನನ್ನನ್ನ ಸಲಹೆಗೆ ಯಾರು ಕರೀತಾರೆ?”

ಸೋಮವಾರ ಬೆಳಿಗ್ಗೆ ವುಕಾಶಿನ್ ಪಟ್ಟಿ ಹಿಡಿದು ಫಲಕದ ಮುಂದೆ ನಿಂತಿದ್ದ. ಡೊಬ್ರಿಲಾ ಅದನ್ನು ಕೈಯಿಂದ ತೆಗೆದುಕೊಂಡಳು.

“ಇದನ್ನ ಹಚ್ಚೋ ಹಾಗಿಲ್ಲ.”

“ಯಾಕತ್ತೆ? ಹೆಸರೇ ಇಲ್ಲವಲ್ಲ.”

“ಇದು ಔಷಧಿ ಅಂಗಡಿಯವರ ಹುಡುಗ. ಇದು ಡೀನರ ತಂಗಿ ಮಗಳು. ಇದು...” ಬೆರಳು ಸಂತ ಮ್ರಾತಾನ ಮೇಲೆ ನಿಂತಿತು. “ಇದು ನನ್ನ ಮಗಳು.”

ವುಕಾಶಿನ್‌ನ ಕಣ್ಣು ಕಿರಿದಾಯಿತು. “ಹಾಗಾದ್ರೆ ಒಂದೊಂದು ಹಾಳೆ ಯಾರದಂತ ನೋಡ್ತಾ ಕೂತಿದ್ರಾ ನೀವು? ಏನಾದ್ರೂ ತಿದ್ದಿದ್ದೀರಾ? ಇದನ್ನ ಡೀನರಿಗೆ ಹೇಳ್ಬೇಕಾಗುತ್ತೆ.”

ಅಂಥ ನೋಟವನ್ನು ಅವಳು ಬೇರೆಯವರ ಮೇಲೆ ಬೀರಿದ್ದಳೇ ಹೊರತು ತನ್ನ ಮೇಲೆ ಬಿದ್ದದ್ದು ನೆನಪಿಲ್ಲ. ಪಟ್ಟಿಯನ್ನು ಮಡಿಸಿ ಚೀಲದೊಳಗಿಟ್ಟಳು.

“ನಾನೇ ಹೇಳ್ತೀನಿ ಬಾರಪ್ಪ,” ಎನ್ನುತ್ತಾ ಆಗಲೇ ಡೀನರ ಕೋಣೆಯ ಕಡೆ ತಿರುಗಿ, ಹಿಂದೆ ನೋಡದೆ, ಕಾರಿಡಾರಿನುದ್ದಕ್ಕೂ ನಡೆದಳು. “ನೋಡಿದ್ದು ನಾನು, ತಿದ್ದಿಲ್ಲ. ನನ್ನ ಹುಡುಗಿ ನಂಬಿ ಬರೆದಿದ್ದಾಳೆ, ಅವಳನ್ನ ಒಳಗೆ ಕರೆದು ಕೂರಿಸಿ, ನಾನು ಬಾಗಿಲ ಹತ್ರ ಸುಳಿಯೋದೂ ಇಲ್ಲ, ಆದ್ರೆ ಈ ಪಟ್ಟಿನ ಮಾತ್ರ ಫಲಕಕ್ಕೆ ಹಚ್ಚೋಕೆ ಬಿಡಲ್ಲ.”