ಇನ್ನೊಂದಿಷ್ಟು ಸುಣ್ಣ

ಮೊನ್ನೆ ಕಾಫಿ ಗಿಡಕ್ಕೆ ಕೊಳೆರೋಗ ಬಾರದಂತೆ ಹೊಡೆಯಲು ಬೋರ್ಡೋ ದ್ರಾವಣ ಕಲಸಿಸುತ್ತಿದ್ದೆ. ಮೈಲುತುತ್ತದ ನೀಲಿ ನೀರಿಗೆ ಸುಣ್ಣದ ನೀರು ಬಿದ್ದಾಗ ಎದ್ದ ಹಸಿ ವಾಸನೆಗೆ ಪಕ್ಕದ ತೋಟದ ದೊಡ್ಡಮ್ಮ ನೆನಪಾಗಿಬಿಟ್ಟರು...

ತೊಂಬತ್ತರ ದಶಕದ ಮಾತು. ನಮ್ಮ ಹೊಂಗಡಹಳ್ಳದ ಕಡೆ ಆಗ ಔಷಧ ಹೊಡೆಸುವುದು ಗಂಡಸರ ಕೆಲಸ. ಗಂಡ ತೀರಿಕೊಂಡ ಮೇಲೆ ದೊಡ್ಡಮ್ಮ ತಾವೇ ಡ್ರಮ್ಮಿನ ಪಕ್ಕ ನಿಂತು ಹೊಡೆಸಿದರು. ಮಹಾ ಹಟಮಾರಿ. ಅವರ ಎದೆಯ ಕ್ಯಾನ್ಸರ್ ಗಡ್ಡೆ ತೆಗೆದು ಕಿಮೋ ಶುರುವಾದಾಗ ಮಂಗಳೂರಿನ ಆಸ್ಪತ್ರೆಗೆ ಜೊತೆಗೆ ಹೋಗುತ್ತಿದ್ದವಳು ನಾನು.

ಕೂದಲು ಉದುರಿದ್ದಕ್ಕೆ ಅವರು ಅಳಲಿಲ್ಲ. "ಎಣ್ಣೆ ಉಳೀತು ಬುಡು" ಅಂದರು. ಆದರೆ ಮೂರನೇ ಸುತ್ತಿನ ಹೊತ್ತಿಗೆ ಬಾಯಿ ತುಂಬಾ ಹುಣ್ಣು, ಗಂಜಿಯೂ ಇಳಿಯದು, ಮೇಲೆ ಜ್ವರ. ಬಸ್ಸು ಹತ್ತುವ ಮೊದಲೇ ನನಗೆ ತಾಕೀತು ಮಾಡಿದರು.

"ಡಾಕ್ಟ್ರ ಹತ್ರ ಬಾಯಿ ಬಿಟ್ಟೀಯ, ಜೋಕೆ! ಮದ್ದು ನಿಲ್ಲಿಸ್ಬುಡ್ತಾರೆ. ಅರ್ಧ ತೋಟಕ್ಕೆ ಹೊಡೆದ್ರೆ ಹೊಡೆದಂಗಲ್ಲ ಕಣೇ, ರೋಗ ವಾಪಸ್ ಬತ್ತೈತೆ."

ಅವರಿಗೆ ಬದುಕಬೇಕಿತ್ತು. ಅದಕ್ಕೇ ಮುಚ್ಚಿಡುತ್ತಿದ್ದರು.

ಡಾಕ್ಟರು ಕೇಳಿದಾಗ ಸೆರಗು ಬಾಯಿಗೊತ್ತಿಕೊಂಡು "ಏನೂ ಇಲ್ಲ" ಅಂದರು. ನನಗೆ ತಡೆಯಲಾಗಲಿಲ್ಲ, ಎಲ್ಲ ಹೇಳಿಬಿಟ್ಟೆ. ರಕ್ತ ಪರೀಕ್ಷೆ ನೋಡಿದ ಡಾಕ್ಟರ ಮುಖ ಗಂಭೀರವಾಯಿತು. ಬಿಳಿ ರಕ್ತಕಣ ಇಳಿದುಹೋಗಿದೆ, ಇವತ್ತು ಮದ್ದು ಏರಿಸಿದ್ದರೆ ಜೀವಕ್ಕೇ ಕುತ್ತು ಬರುತ್ತಿತ್ತು ಅಂದರು. ಕೆಲವು ದಿನ ಅಲ್ಲೇ ಇರಿಸಿಕೊಂಡು ಜ್ವರ ಇಳಿಸಿದರು. ಆ ಸುತ್ತನ್ನು ಮುಂದೂಡಿದರು, ಇನ್ನುಮೇಲೆ ಮದ್ದಿನ ಪ್ರಮಾಣವೂ ಕಡಿಮೆ ಅಂದರು. ವಾಪಸ್ಸು ಬರುವಾಗ ಶಿರಾಡಿ ಘಾಟಿ ಮುಗಿಯುವ ತನಕ ದೊಡ್ಡಮ್ಮ ನನ್ನ ಪಕ್ಕ ಬಿಟ್ಟು ಬೇರೆ ಸೀಟಿನಲ್ಲಿ ಕೂತರು.

ಅವರ ಮನೆಗೆ ಬಂದರೆ ಅಂಗಳದಲ್ಲಿ ಆಳುಗಳು ಬೋರ್ಡೋ ಕಲಸುತ್ತಿದ್ದರು. ಹೊಡೆಯುವ ಮೊದಲು ಹೊಳೆಯುವ ಚೂರಿಯೊಂದನ್ನು ಅದರಲ್ಲಿ ಅದ್ದಿ ನೋಡುವುದು ನಮ್ಮ ಪದ್ಧತಿ. ಚೂರಿ ಕೆಂಪಾದರೆ ಔಷಧ ಖಾರವಾಗಿದೆ, ಎಲೆ ಸುಡುತ್ತದೆ ಎಂದರ್ಥ. ಅವತ್ತು ಕೆಂಪಾಯಿತು.

"ಹೊಡೆಯೋದು ನಿಲ್ಲಿಸಿಬಿಡೋಣ್ವಾ ದೊಡ್ಡಮ್ಮ?" ಅಂತ ಬೇಕೆಂದೇ ಕೇಳಿದೆ.

"ಯಾಕ್ ನಿಲ್ಲಿಸ್ತಾರೆ? ಇನ್ನೊಂದಿಷ್ಟು ಸುಣ್ಣ ಹಾಕಿದ್ರಾತು, ಖಾರ ಇಳೀತೈತೆ..." ಅಂದವರು ಚೂರಿಯನ್ನೇ ನೋಡುತ್ತಾ ಕೂತರು. ಆಮೇಲೆ ನನ್ನ ಕಡೆ ತಿರುಗಿ, "ಡಾಕ್ಟ್ರು ಸುಣ್ಣ ಹಾಕವ್ರೆ ಅಂತ ಅಲ್ಲೇ ಬೊಗಳೋಕೆ ಏನಾಗಿತ್ತೇ ನಿಂಗೆ?" ಅಂದರು. ನನಗೆ ನಗುವೂ ಬಂತು, ಅಳುವೂ ಬಂತು.

ಮುಂದಿನ ಸಲದಿಂದ ಶುರುವಾಯಿತು ನೋಡಿ. ಉಗುರು ಕಪ್ಪಾದದ್ದು, ಬೆರಳು ಜೋಮು ಹಿಡಿದದ್ದು, ಕಾಫಿ ಕುಡಿದರೆ ಕಬ್ಬಿಣ ನೆಕ್ಕಿದಂತಾಗುವುದು, ಒಂದನ್ನೂ ಬಿಡದೆ ಒಪ್ಪಿಸುತ್ತಿದ್ದರು. ಡಾಕ್ಟರು ಕೈಮುಗಿಯುವುದೊಂದು ಬಾಕಿ! ಆದರೆ ಹಲ್ಲು ಕಚ್ಚಿಕೊಂಡು ಎಲ್ಲ ಸುತ್ತನ್ನೂ ಮುಗಿಸಿದರು. ಆಮೇಲೂ ಎಷ್ಟೋ ವರ್ಷ ತೋಟ ನೋಡಿಕೊಂಡರು. ನಾನು ಬೋರ್ಡೋ ಕಲಸಿಸುವಾಗೆಲ್ಲ ಬೇಲಿಯಾಚೆಯಿಂದ ಕೂಗು ಬರುತ್ತಿತ್ತು: "ಚೂರಿ ನೋಡಿದ್ಯೇನೇ?"

ರೋಗ ಮರಳಿ ಬಂದಾಗ ಮದ್ದು ನಾಟಲಿಲ್ಲ. ಹೋಗಿಬಿಟ್ಟರು...

ಮೊನ್ನೆ ಚೂರಿ ಕೆಂಪಾಯಿತು. ಸುಣ್ಣ ಹಾಕಿಸಿ ಮತ್ತೆ ಅದ್ದಿದೆ, ಹೊಳಪು ಹಾಗೇ ಇತ್ತು. ಬೇಲಿಯಾಚೆಯಿಂದ ಯಾರೂ ಕೇಳಲಿಲ್ಲ.

"ನೋಡಿದೆ ದೊಡ್ಡಮ್ಮ," ಅಂತ ನಾನೇ ಗಟ್ಟಿಯಾಗಿ ಹೇಳಿ, ಔಷಧ ಹೊಡೆಯಲು ಶುರುಮಾಡಿಸಿದೆ.