ಗಟ್ಟಿಮೇಳದ ಹೊತ್ತಿಗೆ ಹೋದ ಸಿಗ್ನಲ್

ತಾಳಿ ಕಟ್ಟುವಾಗ ಗಟ್ಟಿಮೇಳ ಬಾರಿಸುವುದು ಯಾಕೆ ಎಂದು ಚಿಕ್ಕವಳಿದ್ದಾಗ ಅಜ್ಜಿಯನ್ನು ಕೇಳಿದ್ದೆ. ಯಾರಾದರೂ ಸೀನಿದರೆ, ಅತ್ತರೆ, ಅಪಶಕುನದ ಮಾತಾಡಿದರೆ ಅದು ಹೆಣ್ಣುಗಂಡಿನ ಕಿವಿಗೆ ಬೀಳಬಾರದು, ಅದಕ್ಕೇ ಎಂದಿದ್ದಳು. ನನ್ನ ಮದುವೆಯಲ್ಲಿ ನನ್ನ ಸೋದರಮಾವ ಈ ಸಂಪ್ರದಾಯವನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದ. ಡೋಲು, ನಾದಸ್ವರ ಸಾಲದೆಂದು ಮೊಬೈಲ್ ಸಿಗ್ನಲ್ಲನ್ನೂ ಅಡಗಿಸಿದ. ಅವನು ಮಾಡಿದ್ದು ತಪ್ಪೋ ಸರಿಯೋ ನನಗೆ ಇವತ್ತಿಗೂ ಬಗೆಹರಿದಿಲ್ಲ.

ಅಜ್ಜಿ ಎಂದರೆ ಅಮ್ಮನ ತಾಯಿ. ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಿದ್ದುದರಿಂದ ವಿಜಯನಗರದ ನಮ್ಮ ಮನೆಯಲ್ಲಿ ನನಗೆ ತಲೆ ಬಾಚಿ, ಅನ್ನ ಕಲಸಿ ಬೆಳೆಸಿದವಳು ಅವಳೇ. ಮದುವೆಯ ವಾರದಲ್ಲಿ ಉಸಿರಾಟದ ತೊಂದರೆಯಿಂದ ಕೆಂಗೇರಿ ಕಡೆಯ ಆಸ್ಪತ್ರೆ ಸೇರಿದಳು. ಡಾಕ್ಟರನ್ನು ಏನು ಕೇಳಿದರೂ "ನೋಡೋಣ" ಎನ್ನುತ್ತಿದ್ದರು. ಮದುವೆ ಮುಂದಕ್ಕೆ ಹಾಕೋಣವೆಂದರೆ ಅಜ್ಜಿ ಕೆರಳಿದಳು. ಅವಳದು ಒಂದೇ ಆಸೆ, ನನ್ನ ಕೊರಳಿಗೆ ತಾಳಿ ಬೀಳುವುದನ್ನು ಕಣ್ಣಾರೆ ನೋಡಬೇಕು.

ಹಾಗಾಗಿ ವಿಡಿಯೋ ಕಾಲ್ ಮಾಡುವುದೆಂದಾಯಿತು. ಚಿಕ್ಕಮ್ಮ ಮದುವೆ ಬಿಟ್ಟು ಅಜ್ಜಿಯ ಮಂಚದ ಪಕ್ಕ ಫೋನ್ ಹಿಡಿದು ಕೂರುವುದು, ಛತ್ರದಲ್ಲಿ ನನ್ನ ಫೋನನ್ನು ಮಂಟಪದ ಎದುರು ಸ್ಟ್ಯಾಂಡಿಗೆ ಸಿಕ್ಕಿಸುವುದು. ಹಿಂದಿನ ದಿನ ಪರೀಕ್ಷೆಯೂ ಮಾಡಿದೆವು. "ಕಾಣ್ತಾ ಇದೆಯಾ ಅಜ್ಜಿ?" ಎಂದರೆ, "ಕಾಣತ್ತೆ, ನಿನ್ನ ಮೂಗುತಿ ಓರೆಯಾಗಿದೆ, ಸರಿ ಮಾಡ್ಕೋ" ಎಂದಳು.

ಛತ್ರ ಬಸವೇಶ್ವರನಗರದಲ್ಲಿತ್ತು. ಮುಹೂರ್ತ ಹತ್ತಿರ ಬರುತ್ತಿದ್ದಂತೆ ಜನ ಫೋನ್ ಎತ್ತಿ ಎತ್ತಿ ನೋಡತೊಡಗಿದರು. "ನಿಮ್ದು ಯಾವ ಕಂಪನಿ? ನಮ್ದೂ ಹೋಗಿದೆ." ಪ್ರತಿಯೊಬ್ಬರೂ ತಮ್ಮ ತಮ್ಮ ಕಂಪನಿಯನ್ನು ಬೈದರು. ಐಸ್‌ಕ್ರೀಮ್ ತರುವ ಗಾಡಿಯವನು ದಾರಿ ಕೇಳಲು ಫೋನ್ ಸಿಗದೆ ಆರ್‌ಪಿಸಿ ಲೇಔಟ್ ಪೂರ್ತಿ ಸುತ್ತುತ್ತಿದ್ದನಂತೆ. ನಾನು ಹಸೆಮಣೆಯ ಮೇಲೆ ನಿಂತಿದ್ದೆ, ಎದುರಿಗೆ ಅಂತರಪಟ. ನನಗೆ ಇದೊಂದೂ ತಿಳಿಯದು.

ಅಂತರಪಟ ಸರಿಯಿತು. ಎಲ್ಲರೂ ಗಂಡನ ಮುಖ ನೋಡು ಎನ್ನುತ್ತಿದ್ದರೆ ನಾನು ಫೋನಿನ ಕಡೆ ನೋಡಿದೆ. ಅಜ್ಜಿಯ ಮುಖ ಹಾಗೇ ನಿಂತಿತ್ತು. ಕಣ್ಣು ಅರ್ಧ ಮುಚ್ಚಿದೆ, ಬಾಯಿ ತುಸು ತೆರೆದಿದೆ, ಮೂಗಿನ ಮೇಲೆ ಒಂದು ಚಕ್ರ ಸುತ್ತುತ್ತಿದೆ. ಚಿತ್ರ ನಿಂತಿದೆಯೋ ಅಜ್ಜಿ ನಿಂತಳೋ ಗೊತ್ತಾಗಲಿಲ್ಲ. ಕೇಳೋಣವೆಂದರೆ ಗಟ್ಟಿಮೇಳ ಶುರುವಾಯಿತು, ನನ್ನ ದನಿ ನನಗೇ ಕೇಳಲಿಲ್ಲ. ತಾಳಿ ಬಿತ್ತು. ನಾನು ಅಳುತ್ತಿದ್ದೆ. ದೊಡ್ಡತ್ತೆಯೊಬ್ಬರು ಕಿವಿಯ ಹತ್ತಿರ ಬಂದು, "ಅಳ್ಬೇಡ ಕಣೇ, ಗಂಡನ ಮನೆ ಇಲ್ಲೇ ಉಲ್ಲಾಳ, ಏನು ದೂರಾನಾ, ಒಂದು ಬಸ್ಸು" ಎಂದರು.

ಶಾಸ್ತ್ರಗಳು ಒಂದು ಹಂತಕ್ಕೆ ಬಂದಾಗ ಇದ್ದಕ್ಕಿದ್ದಂತೆ ಛತ್ರದ ಫೋನುಗಳೆಲ್ಲ ಒಟ್ಟಿಗೆ ಟಿಂಗುಟ್ಟಿದವು. ನನ್ನದರಲ್ಲಿ ಸಾಲುಸಾಲು ಮಿಸ್ಡ್ ಕಾಲ್, ಎಲ್ಲ ಚಿಕ್ಕಮ್ಮನವು. ಕೂಡಲೇ ಫೋನ್ ಮಾಡಿದೆ.

"ಅಲ್ಲೇನೇ ಆಯ್ತು? ಮದುವೆ ನಿಂತೋಗಿದೆ ಅಂತ ನಿಮ್ಮಜ್ಜಿ ಆಕ್ಸಿಜನ್ ಮಾಸ್ಕ್ ಕಿತ್ತು ಬಿಸಾಕ್ತಾ ಇದ್ದಾಳೆ" ಎಂದಳು ಚಿಕ್ಕಮ್ಮ.

ಅಜ್ಜಿ ಬದುಕಿದ್ದಳು. ಆದರೆ ಅಲ್ಲೂ ಚಿತ್ರ ನಿಂತಿತ್ತು. ಯಾರಿಗೆ ಮಾಡಿದರೂ ಸಿಗುತ್ತಿಲ್ಲ ಎಂದಾಗ ಏನೋ ಮುಚ್ಚಿಡುತ್ತಿದ್ದಾರೆ ಎಂದು ಅವಳು ತೀರ್ಮಾನಿಸಿದ್ದಳು. ತಾಳಿಯ ಫೋಟೋ ಕಳಿಸಿದೆ. "ಫೋಟೋ ಈಗ ಯಾರು ಬೇಕಾದ್ರೂ ಮಾಡ್ತಾರೆ, ನನ್ನ ಸಮಾಧಾನಕ್ಕೆ ಕಳಿಸಿದಾರೆ" ಎಂದಳಂತೆ.

ಪಟ್ಟೆಸೀರೆ ಎತ್ತಿಕೊಂಡು ಮಾವನನ್ನು ಹುಡುಕಿ ಹೋದೆ. ಶಾಮಿಯಾನ, ಮೈಕ್‌ಸೆಟ್ ಬಾಡಿಗೆಗೆ ಕೊಡುವುದು ಅವನ ಕಸುಬು, ಛತ್ರದ ಕರೆಂಟಿನ ಉಸ್ತುವಾರಿಯೆಲ್ಲ ಅವನದೇ. ಮಂಟಪದ ಹಿಂದೆ ಖಾಲಿ ಹೂವಿನ ಬುಟ್ಟಿಯ ಕೆಳಗಿಂದ ಒಂದು ಕಪ್ಪು ಡಬ್ಬಿಯನ್ನು ಎತ್ತುತ್ತಿದ್ದ. ಅದರ ತಲೆಯ ಮೇಲೆ ನಾಲ್ಕೈದು ದಪ್ಪ ಕಡ್ಡಿಗಳಿದ್ದವು.

"ಏನು ಮಾವ ಅದು?"

"ಜಾಮರ್ರು, ಫೋನ್ ಸಿಗ್ನಲ್ ತಡೆಯತ್ತೆ. ನಾಗರಬಾವೀಲಿ ಕೋಚಿಂಗ್ ಸೆಂಟರ್ ನಡೆಸೋ ಸ್ನೇಹಿತನದು. ಟೆಸ್ಟ್ ದಿನ ಹಾಕ್ತಾನೆ. ತುಂಬಾ ಜನ ಇಟ್ಕೊಂಡಿದಾರೆ."

"ನಮ್ಮ ಮದುವೆಗೆ ಯಾಕೆ?"

ಅವನು ನನ್ನ ಮುಖ ನೋಡಲಿಲ್ಲ. "ಧಾರೆಗೆ ಮುಂಚೆ ಆಸ್ಪತ್ರೆಯಿಂದ ಏನಾದ್ರೂ ಸುದ್ದಿ ಬಂದ್ಬಿಟ್ಟಿದ್ರೆ? ಸೂತಕ ಅಂತ ಎಲ್ಲಾ ನಿಂತೋಗಿರೋದು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಾನು ಒಂದು ಸುಳ್ಳೂ ಹೇಳ್ಲಿಲ್ಲ, ಬರೀ ಸ್ವಿಚ್ ಹಾಕ್ದೆ."

"ಮತ್ತೆ ಅಜ್ಜಿಯ ವಿಡಿಯೋ?"

"ಅದು ಛತ್ರದ ವೈಫೈ ಅಲ್ವಾ, ಬೇರೆ ಲೈನು ಅಂದ್ಕೊಂಡೆ" ಎಂದು ಹಣೆ ಚಚ್ಚಿಕೊಂಡ. ಡಬ್ಬಿಗೆ ಆ ಲೈನು ಈ ಲೈನು ಎಂಬ ಭೇದವಿರಲಿಲ್ಲ.

ನನಗೆ ಸಿಟ್ಟು ನೆತ್ತಿಗೇರಿತು. ಅಷ್ಟರಲ್ಲಿ ತಾಂಬೂಲಕ್ಕೆಂದು ಬಂದ ಪುರೋಹಿತರು ಮಾತು ಕೇಳಿಸಿಕೊಂಡು, "ನಾಂದಿ ಪೂಜೆ ಆದ್ಮೇಲೆ ಸೂತಕ ತಟ್ಟಲ್ಲಮ್ಮ, ಮದುವೆ ನಡೆಸ್ಬೋದು. ಕೇಳಿದ್ರೆ ಹೇಳ್ತಿದ್ದೆ" ಎಂದು ಎಲೆ ಮಡಿಚತೊಡಗಿದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟುವ ಜಾಯಮಾನ ನಮ್ಮ ಮಾವನದು. ಯಾರನ್ನೂ ಕೇಳಿರಲಿಲ್ಲ.

ವಕೀಲಿ ಮಾಡುವ, ನನ್ನ ಗಂಡನ ಚಿಕ್ಕಪ್ಪ ಡಬ್ಬಿ ನೋಡಿ ಎರಡು ಹೆಜ್ಜೆ ಹಿಂದೆ ಸರಿದರು. ಜೈಲಿನಂಥ ಕಡೆ ಸರ್ಕಾರದ ಅನುಮತಿಯಿಂದ ಇಡುತ್ತಾರೆ, ಖಾಸಗಿಯವರು ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ ಎಂದರು. "ಊಟದ ಪಂಕ್ತೀಲಿ ಯಾರಿಗಾದ್ರೂ ಎದೆನೋವು ಬಂದಿದ್ರೆ ಆಂಬುಲೆನ್ಸ್‌ಗೆ ಹೆಂಗ್ರೀ ಫೋನ್ ಮಾಡ್ತಿದ್ರಿ?" ಮಾವ ಬೆಪ್ಪಾಗಿ, "ಮಾರ್ಕೆಟ್‌ನಲ್ಲಿ ಸಿಗತ್ತಲ್ಲ ಸಾರ್" ಎಂದ. ಸಿಗುವುದಕ್ಕೂ ಸರಿಯಾಗಿರುವುದಕ್ಕೂ ಸಂಬಂಧವಿಲ್ಲ ಎಂದರು ಅವರು. ಪಕ್ಕದಲ್ಲಿದ್ದ ಅವರ ಹೆಂಡತಿಗೆ ಬೇರೆಯೇ ಚಿಂತೆ. "ತಡೆಯಕ್ಕಾಗತ್ತೆ ಅಂದ್ರೆ ಕದ್ದು ಕೇಳ್ಸ್ಕೊಳಕ್ಕೂ ಆಗತ್ತಾ?" ಅದಕ್ಕೆ ಬೇರೆ ಯಂತ್ರ, ಬೇರೆ ಕಾನೂನು, ಸರ್ಕಾರದ ಮೇಲಿನವರ ಆದೇಶವಿಲ್ಲದೆ ಕೇಳುವಂತಿಲ್ಲ ಎಂದರು ಚಿಕ್ಕಪ್ಪ. ಆಕೆ, "ಇದಕ್ಕೂ ಆದೇಶ ಬೇಕಿತ್ತಲ್ಲ" ಎಂದು ಡಬ್ಬಿಯ ಕಡೆ ಕೈ ತೋರಿಸಿದರು. ಇವತ್ತಿಗೂ ಆಕೆ ಮನೆಯ ಗುಟ್ಟಿನ ಮಾತನ್ನು ಫೋನಿನಲ್ಲಿ ಆಡುವುದಿಲ್ಲ.

ಊಟವಾದ ಮೇಲೆ ಇನ್ನೊಂದು ತೊಡಕು. ಮದುಮಕ್ಕಳು ನೇರ ಗಂಡನ ಮನೆಗೆ ಹೋಗಿ ಹೊಸ್ತಿಲ ಅಕ್ಕಿ ಒದೆಯಬೇಕು, ಅದಕ್ಕೆ ಮುಂಚೆ ಬೇರೆಲ್ಲೂ ಕಾಲಿಡಬಾರದು, ಆಸ್ಪತ್ರೆಗಂತೂ ಕೂಡದೇ ಕೂಡದು. ಅಜ್ಜಿ ನಾಳೆಯವರೆಗೆ ಇರುತ್ತಾಳೆಂದು ಯಾರು ಬರೆದುಕೊಡುತ್ತಾರೆ? ನಾನು ಕಾರು ಹತ್ತದೆ ನಿಂತೆ. ನನ್ನ ಗಂಡ ತನ್ನ ತಾಯಿಯ ಮುಖ ನೋಡಿದ. ಆಕೆ, "ಹೋಗಿ ಬನ್ನಿ. ದಾರೀಲಿ ದೇವಸ್ಥಾನಕ್ಕೆ ಹೋಗಿದ್ರು ಅಂತೀನಿ" ಎಂದರು. ಆ ಮಾತಿಗೆ ನಾನು ಇವತ್ತಿಗೂ ಋಣಿ.

ವಾರ್ಡಿನಲ್ಲಿ ಅಜ್ಜಿ ನನ್ನ ಬಾಸಿಂಗ ನೋಡಲಿಲ್ಲ, ಸೀರೆ ನೋಡಲಿಲ್ಲ. ಕೈ ಚಾಚಿ ಕೊರಳಿನ ಅರಿಶಿನದ ದಾರ ಹಿಡಿದು, ಬೆರಳಿಗೆ ಹತ್ತಿದ ಬಣ್ಣ ನೋಡಿಕೊಂಡಳು. "ಹಸಿ ಇದೆ" ಎಂದಳು. ಆಗ ನಂಬಿದಳು.

ಮಾವ ನಮ್ಮ ಹಿಂದೆಯೇ ಸ್ಕೂಟರಿನಲ್ಲಿ ಬಂದು ಬಾಗಿಲ ಬಳಿ ನಿಂತಿದ್ದ. ನಾನು ತಡೆದಿಟ್ಟುಕೊಂಡಿದ್ದ ಸಿಟ್ಟನ್ನೆಲ್ಲ ಹೊರಗೆ ಹಾಕಿದೆ. ಡಬ್ಬಿಯ ಕಥೆ ಪೂರ್ತಿ ಹೇಳಿ, ನಿನ್ನ ಮಗನೇ ನಿನ್ನ ಲೈನ್ ಕತ್ತರಿಸಿದ್ದು ಎಂದೆ.

ಅಜ್ಜಿ ಮಾಸ್ಕ್ ಸರಿಸಿ ಉಸಿರು ಕೂಡಿಸಿಕೊಂಡಳು. "ಅವನ್ನ ಬೈಬೇಡ ಕಣೇ. ನಾನೇ ಹೇಳಿದ್ದು. ನಾನು ಹೋದ್ರೂ ತಾಳಿ ಕಟ್ಟೋವರ್ಗೂ ಅವಳ ಕಿವಿಗೆ ಬೀಳಬಾರ್ದು, ಹಂಗೆ ನೋಡ್ಕೋ ಅಂತ."

ನನ್ನ ಸಿಟ್ಟು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಬಾಯಲ್ಲೇ ಉಳಿಯಿತು. ತಾಯಿ ಹೇಳಿದ ಮಾತನ್ನು ಮಗ ನಡೆಸಿದ್ದ. ಕಾನೂನು ಮುರಿದಿದ್ದ, ಛತ್ರದಲ್ಲಿದ್ದವರನ್ನೆಲ್ಲ ಅಪಾಯಕ್ಕೆ ಒಡ್ಡಿದ್ದ, ಅದೂ ನಿಜ.

"ಪರದೆ ಸರಿಯೋದು ಕಂಡ್ತು. ಆಮೇಲೆ ಕಾಣಿಸ್ಲಿಲ್ಲ" ಎಂದಳು ಅಜ್ಜಿ. ಚಿಕ್ಕ ಮಗುವಿನ ಮುಖವಾಗಿತ್ತು. "ಇನ್ನೊಂದ್ಸಲ ತೋರ್ಸಿ."

ನಾನು ಮಂಚದ ಅಂಚಿನಲ್ಲಿ ಕುಳಿತು ತಲೆ ಬಗ್ಗಿಸಿದೆ. ಕಟ್ಟಿದ ತಾಳಿ ಬಿಚ್ಚುವಂತಿಲ್ಲ. ನನ್ನ ಗಂಡ ಹಿಂದೆ ಬಾಗಿ ದಾರದ ತುದಿಗಳನ್ನು ಹಿಡಿದು ಕಟ್ಟುವಂತೆ ಮಾಡಿದ. ಅಜ್ಜಿ ಬಾಗಿಲ ಕಡೆ ನೋಡಿ, "ಗಟ್ಟಿಮೇಳ ಎಲ್ಲೋ?" ಎಂದಳು.

ಮಾವ ಒಳಗೆ ಬಂದು ಊಟದ ಸ್ಟೀಲ್ ತಟ್ಟೆ ಎತ್ತಿಕೊಂಡು ಬೆರಳಿನಿಂದ ಬಾರಿಸತೊಡಗಿದ. ಆಸ್ಪತ್ರೆಯೆಂದು ಮೆಲ್ಲಗೆ ಬಾರಿಸುತ್ತಿದ್ದ. ಅದರ ಹಿಂದೆ ಅವನು ಅಳುವುದು ನಮಗೆಲ್ಲ ಚೆನ್ನಾಗಿ ಕೇಳಿಸುತ್ತಿತ್ತು.