ಆ-ಛಾಯ್‌ಳ ಹೆಬ್ಬೆರಳು

ಚಾಂಗ್‌ಹುವಾ ಪಟ್ಟಣದ ಸಂತೆಬೀದಿಯಲ್ಲಿ ಆ-ಛಾಯ್ ಮೂವತ್ತೆಂಟು ವರ್ಷ ಹೆಂಗಸರ ಮುಖದ ನವಿರುಗೂದಲು ಕಿತ್ತವಳು. ಬಿಳಿ ಪುಡಿ ಬಳಿದು, ಹಲ್ಲಿನಲ್ಲಿ ಕಚ್ಚಿದ ದಾರವನ್ನು ಸರ್ರನೆ ಆಡಿಸಿ, ಕೊನೆಗೆ ಹೆಬ್ಬೆರಳಿನಿಂದ ಕೆನ್ನೆ ತಿಕ್ಕಿ ಕೆಂಪೇರಿಸಿದರೇ ಅವಳಿಗೆ ಸಮಾಧಾನ. "ರಕ್ತ ಓಡಾಡ್ಬೇಕು ಕಣೇ, ಇಲ್ದಿದ್ರೆ ಅದೂ ಒಂದು ಮುಖಾನಾ?" ಎನ್ನುತ್ತಿದ್ದಳು. ನನ್ನ ಮದುವೆಗೆ ಮುಖ ತಿದ್ದಿದವಳೂ ಅವಳೇ.

ಅವಳ ಗಂಡ ಬುನ್-ಸಾನ್ ಲಾರಿ ಓಡಿಸುತ್ತಿದ್ದ. ನಿದ್ದೆ ಬಾರದಿರಲೆಂದು ಅಡಿಕೆ ಜಗಿದು ಜಗಿದು ಕೆನ್ನೆಗೆ ಕ್ಯಾನ್ಸರ್ ತಂದುಕೊಂಡು, ನಾನು ನರ್ಸಾಗಿದ್ದ ವಾರ್ಡಿಗೇ ಬಂದ. ಕೆನ್ನೆ ಕತ್ತರಿಸಿ, ತೊಡೆಯಿಂದ ಚರ್ಮ-ಮಾಂಸವನ್ನು ರಕ್ತನಾಳದ ಸಮೇತ ತೆಗೆದು ಆ ಜಾಗಕ್ಕೆ ಹೊಲಿದರು. ಮೂರನೆಯ ದಿನ ಹೊಸ ಕೆನ್ನೆಯ ಕೆಳಗಿನ ಅಂಚು ಬದನೆಕಾಯಿ ಬಣ್ಣಕ್ಕೆ ತಿರುಗಿತು. ರಕ್ತನಾಳ ಹಿಗ್ಗಿಸುವ ಮುಲಾಮನ್ನು ಆರು ಗಂಟೆಗೊಮ್ಮೆ ಹತ್ತಿಕಡ್ಡಿಯಿಂದ ತೆಳ್ಳಗೆ ಸವರಬೇಕು, ಒತ್ತಲೇಬಾರದು ಎಂದು ಡಾಕ್ಟರು ನನಗೆ ಹೇಳಿದರು.

ನಮ್ಮ ವಾರ್ಡುಗಳಲ್ಲಿ ರೋಗಿಯ ಪಕ್ಕ ಮನೆಯವರೊಬ್ಬರು ಇದ್ದೇ ಇರುತ್ತಾರೆ. ಉಣಿಸುವುದು, ಒರೆಸುವುದು ಅವರದೇ ಪಾಲು. ನಾವೂ ಸಲುಗೆಯಿಂದ ಇನ್ನಷ್ಟು ಹೊರಿಸುತ್ತೇವೆ.

"ನಂಗೂ ಏನಾದ್ರೂ ಕೆಲ್ಸ ಕೊಡಮ್ಮ. ಕೂತು ಕೂತು ಹುಚ್ಚು ಹಿಡೀತಿದೆ" ಎಂದಳು ಆ-ಛಾಯ್.

ನನಗೆ ಹನ್ನೆರಡು ರೋಗಿಗಳು. "ಈ ಅಂಚಿಗೆ ಹಚ್ಚಿ" ಎಂದು ಕೈಗವಸು, ಮುಲಾಮು ಕೊಟ್ಟು ಓಡಿದೆ. ತಿಕ್ಕಬೇಡಿ ಎಂದು ಹೇಳಲಿಲ್ಲ. ಆ ಹೆಬ್ಬೆರಳು ನನಗೆ ಗೊತ್ತಿದ್ದೂ ಹೇಳಲಿಲ್ಲ.

ಮರುದಿನ ಮಾತಾಡಲಾಗದ ಬುನ್-ಸಾನ್ ಹಲಗೆಯ ಮೇಲೆ ಬರೆದು ತೋರಿಸಿದ: "ಮುದುಕಿ ನನ್ನನ್ನ ಮದುವಣಗಿತ್ತಿ ಮಾಡ್ತಿದ್ದಾಳೆ." ಓದಿ ನಕ್ಕೆ. ಏನೆಂದು ಕೇಳದೆ, ಮುಲಾಮು ಹಚ್ಚಲಾಗಿದೆ ಎಂದು ನನ್ನದೇ ಹೆಸರಿನಲ್ಲಿ ಸಹಿ ಹಾಕಿದೆ. ಎಂಥ ಅವಿವೇಕಿ ನಾನು!

ಮುಲಾಮು ಶುರುವಾದ ನಾಲ್ಕನೇ ಬೆಳಗ್ಗೆ ಅಂಚು ಕಪ್ಪಾಗಿತ್ತು. "ಯಾರ್ರೀ ಇದನ್ನ ತಿಕ್ಕಿದ್ದು?" ಎಂದು ಡಾಕ್ಟರು ಗುಡುಗಿದರು.

"ನಾನೇ" ಎಂದು ಆ-ಛಾಯ್ ಎರಡೂ ಕೈ ಮುಂದೆ ಚಾಚಿದಳು. ನಾನು ಅಲ್ಲೇ ಇದ್ದೆ. ತುಟಿ ಬಿಚ್ಚಲಿಲ್ಲ.

ತಿಕ್ಕದಿದ್ದರೆ ಉಳಿಯುತ್ತಿತ್ತೆಂದು ಯಾರೂ ಆಣೆಯಿಟ್ಟು ಹೇಳಲಾರರು. ಸತ್ತ ಭಾಗ ತೆಗೆದು ಎದೆಯಿಂದ ಬೇರೆ ತುಂಡು ತಂದು ಹೊಲಿದರು. ಬುನ್-ಸಾನ್ ಬದುಕಿದ, ಆದರೆ ಬಾಯಿ ಪೂರ್ತಿ ಮುಚ್ಚುವುದಿಲ್ಲ. ಆ-ಛಾಯ್ ಸಂತೆಯ ಕಡೆ ತಲೆ ಹಾಕಲಿಲ್ಲ. ಕರೆಯಲು ಬಂದವರಿಗೆ "ಈ ಕೈ ಒಬ್ಬರ ಮುಖ ಕೊಂದಿದೆ" ಎಂದು ಹೇಳಿ ಕಳಿಸುತ್ತಿದ್ದಳಂತೆ. ಆ ಮಾತು ನನ್ನವರೆಗೂ ಬಂತು. ವರ್ಷದ ಮೇಲೆ ಅವಳ ಮನೆಗೆ ಹೋದೆ. ಗಂಡನಿಗೆ ಗಂಜಿ ಕುಡಿಸುತ್ತಿದ್ದಳು.

"ತಪ್ಪು ನಂದು. ತಿಕ್ಕಬಾರದು ಅಂತ ನಾನು ಹೇಳಲೇ ಇಲ್ಲ" ಎಂದೆ.

ಅವಳು ನನ್ನ ಕೈ ಹಿಡಿದುಕೊಂಡಳು. "ನೀನು ಹೇಳ್ದೆ ಕಣಮ್ಮ. ಹೇಳ್ದೇ ಇರ್ತೀಯಾ? ನನ್ನ ಹಾಳು ಕಿವಿಗೆ ಬೀಳ್ಲಿಲ್ಲ ಅಷ್ಟೆ. ನನ್ನ ಸಮಾಧಾನಕ್ಕೆ ಸುಳ್ಳು ಹೇಳ್ಬೇಡ." ಆಮೇಲೆ ಗಂಡನ ಕಡೆ ತಿರುಗಿ, "ನೋಡೋ ಮುದುಕ, ಎಂಥ ಬಂಗಾರದಂಥ ಹುಡುಗಿ!" ಎಂದಳು.

ನಾನು ಮುಲಾಮು ಕೊಟ್ಟ ಹೊತ್ತಿನಲ್ಲಿ ಬುನ್-ಸಾನ್ ಎಚ್ಚರವಾಗಿದ್ದ, ಎಲ್ಲವನ್ನೂ ಕೇಳಿಸಿಕೊಂಡಿದ್ದ. ಅವನು ಗಲ್ಲದ ಮೇಲಿನ ಗಂಜಿ ಒರೆಸಿಕೊಂಡು ನನ್ನನ್ನೇ ನೋಡುತ್ತ ಕೂತ.